ರಿಪೋರ್ಟ್ ನಾರ್ಮಲ್ ಬಂದವರ ಅಕ್ಕ

ಹಲಸೂರಿನ ನಮ್ಮ ಲ್ಯಾಬಿನಲ್ಲಿ ಒಂದು ಮಾತನ್ನು ಆಡುವಂತಿರಲಿಲ್ಲ. ಮಾಲೀಕರನ್ನು ಬೆನ್ನ ಹಿಂದೆ ಆಡಿಕೊಳ್ಳಬಹುದಿತ್ತು, ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಶಾಪ ಹಾಕಬಹುದಿತ್ತು. ಆದರೆ ರಿಪೋರ್ಟ್ ಒಯ್ಯಲು ಬಂದವರಿಗೆ ‘ನಿಮಗೇನೂ ಇಲ್ಲ’ ಎಂದು ಮಾತ್ರ ಹೇಳುವಂತಿರಲಿಲ್ಲ. ನಾನು ಕೌಂಟರಿನ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಅದನ್ನು ಹೇಳಿಬಿಟ್ಟೆ, ಅದೂ ನಗುನಗುತ್ತಾ.

ಶಿವಾಜಿನಗರದಿಂದ ಬಂದಿದ್ದ, ನಲವತ್ತೈದರ ಆಸುಪಾಸಿನ ಹೆಂಗಸು. ಬುರ್ಖಾಕ್ಕೆ ಕಸೂತಿ ಹಾಕುವ ಕೆಲಸ. ನೆತ್ತಿ ಉರಿಯುತ್ತದೆ, ತಲೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ ಎಂದು ಮೂರನೆಯ ಸಲ ಟೆಸ್ಟ್ ಮಾಡಿಸಿದ್ದರು. ನಾನು ರಿಪೋರ್ಟನ್ನು ಮುಂದೆ ಸರಿಸಿ, “ಎಲ್ಲಾ ನಾರ್ಮಲ್ ಮೇಡಂ, ನಿಮಗೇನೂ ಇಲ್ಲ, ಆರಾಮಾಗಿ ಹೋಗಿ” ಎಂದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಆಕೆಯ ಮುಖ ಬಾಡಿತು. ಕಣ್ಣಲ್ಲಿ ನೀರು ತುಂಬಿಕೊಂಡು ಬಾಗಿಲ ಕಡೆ ತಿರುಗಿದರು.

ಆಗ ಪರದೆಯ ಹಿಂದಿನಿಂದ ಒಂದು ಕೈಗೆ ಗ್ಲೌಸ್ ಹಾಕಿ, ಇನ್ನೊಂದು ಕೈಗೆ ಹಾಕದೆ, ಲ್ಯಾಬಿನವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯರು ಹೊರಗೆ ಬಂದರು. “ಆಪಾ, ಒಂದ್ನಿಮಿಷ ಕೂತ್ಕೊಳ್ಳಿ, ನೀರ್ ಕುಡ್ದು ಹೋಗಿ” ಎಂದು ಆಕೆಯನ್ನು ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಇಬ್ಬರೂ ದಖನಿ ಉರ್ದುವಿನಲ್ಲಿ ಏನೋ ಮಾತಾಡಿದರು. ಹೋಗುವಾಗ ಆಕೆಯ ಕೈಯಲ್ಲಿ ಪಕ್ಕದ ರಸ್ತೆಯ ಮನೋವೈದ್ಯೆಯ ವಿಳಾಸ ಬರೆದ ಚೀಟಿ ಇತ್ತು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದರು.

“ಏನೂ ಇಲ್ಲ ಅಂತ ನಿಂಗ್ಯಾರಮ್ಮಾ ಹೇಳಿದ್ದು? ನಾವ್ ನೋಡಿದ್ದು ಎರಡು ಟ್ಯೂಬ್ ರಕ್ತ. ಅಷ್ಟರಲ್ಲಿ ಸಿಗ್ಲಿಲ್ಲ ಅನ್ನು. ಅವರ್ ತಲೆ ಉರೀತಿರೋದು ನಿಜ ತಾನೆ?”

ಇದು ನನಗೆ ಸಿಕ್ಕ ಮೊದಲ ಬೈಗುಳ. ಮುಂದಿನ ಆರು ವರ್ಷಗಳಲ್ಲಿ ಸಿಕ್ಕ ಬೈಗುಳಗಳಿಗೆ ಲೆಕ್ಕವಿಲ್ಲ. ಟ್ಯೂಬಿನ ಮೇಲೆ ಹೆಸರು ವಕ್ರವಾಗಿ ಅಂಟಿಸಿದರೆ ಬೈಯುತ್ತಿದ್ದರು, ಫ್ಯಾನ್ ಆರಿಸದಿದ್ದರೆ ಬೈಯುತ್ತಿದ್ದರು, ನಾನು ಊಟ ಬಿಟ್ಟರೆ ಇನ್ನೂ ಜೋರಾಗಿ ಬೈಯುತ್ತಿದ್ದರು. ಕಳೆದ ತಿಂಗಳು ನಿದ್ದೆಯಲ್ಲೇ ತೀರಿಕೊಂಡರು. ಲ್ಯಾಬು ಈಗ ತುಂಬಾ ಶಾಂತವಾಗಿದೆ, ನನಗೆ ಅದು ಒಂಚೂರೂ ಹಿಡಿಸುತ್ತಿಲ್ಲ.

ಅವರು ಡಾಕ್ಟರಲ್ಲ, ನರ್ಸೂ ಅಲ್ಲ. ರಕ್ತ ತೆಗೆಯುವ ಟೆಕ್ನಿಷಿಯನ್. ಹುಟ್ಟಿ ಬೆಳೆದದ್ದು ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ, ಮನೆಮಾತು ತಮಿಳು. ಗಿಡ್ಡ ದೇಹ, ದಪ್ಪ ಕನ್ನಡಕ, ಸದಾ ಒಂದು ಗುಂಡಿ ಕಿತ್ತುಹೋದ ಬಿಳಿ ಕೋಟು. ನರ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಜಂಬ ಚೆನ್ನಾಗಿಯೇ ಇತ್ತು. ದೊಡ್ಡ ಆಸ್ಪತ್ರೆಗಳಲ್ಲಿ ನಾಲ್ಕು ಕಡೆ ಚುಚ್ಚಿಸಿಕೊಂಡು ತೋಳು ನೀಲಿಯಾದವರು ಬಂದರೆ ಅವರಿಗೆ ಹಬ್ಬ. ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೊಣಕೈಯ ಮಡಿಕೆಯನ್ನು ಮೆಲ್ಲಗೆ ಒತ್ತುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ, “ಇಲ್ ಬಚ್ಚಿಟ್ಕೊಂಡಿದ್ಯಾ?” ಎನ್ನುವರು. ಆ ಹೊತ್ತಿಗೆ ಸೂಜಿ ಒಳಗೆ ಹೋಗಿರುತ್ತಿತ್ತು. ಆಮೇಲೆ ನನ್ನ ಕಡೆ ಒಂದು ನೋಟ ಬೀರುವರು, ನಾನು ಮೆಚ್ಚಲೇಬೇಕು.

ಲ್ಯಾಬಿನ ರಿಪೋರ್ಟುಗಳೆಲ್ಲ ಫೋನಿಗೇ ಹೋಗುತ್ತವೆ. ಕೂತಲ್ಲೇ ಕಳಿಸುವುದು, ಕೂತಲ್ಲೇ ನೋಡುವುದು. ಅಕ್ಕ ಮಾತ್ರ ಕೆಲವರ ಟೆಸ್ಟ್ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ‘ಕೈಗೆ’ ಎಂದು ಬರೆದಿಡುತ್ತಿದ್ದರು. ಹಾಗೆ ಬರೆದಿದ್ದರೆ ನಾನು ಫೋನಿಗೆ ಕಳಿಸುವಂತಿಲ್ಲ, ಬಂದು ಒಯ್ಯಿರಿ ಎಂದು ಹೇಳಬೇಕು. ಒಂದೇ ನೋವಿಗೆ ಎರಡು ಮೂರು ಸಲ ಬಂದು, ಪ್ರತಿ ಸಲವೂ ಎಲ್ಲ ಸರಿಯಿದೆ ಎಂದು ಹೇಳಿಸಿಕೊಂಡು ಹೋಗುವವರ ಚೀಟಿಗಳವು. ಕಾಯಿಲೆ ಸಿಕ್ಕವರನ್ನು ಡಾಕ್ಟರು ನೋಡಿಕೊಳ್ಳುತ್ತಾರೆ, ಸಿಗದವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಅವರ ವಾದ. ಮಾಲೀಕರು, ಇದು ಲ್ಯಾಬೋ ಧರ್ಮಛತ್ರವೋ ಎಂದು ಮೂರು ತಿಂಗಳು ಗೊಣಗಿ ಸುಮ್ಮನಾದರು. ನರ ಹುಡುಕುವವರು ಬಿಟ್ಟು ಹೋದರೆ ತಮ್ಮ ಗತಿಯೇನೆಂದು ಅವರಿಗೂ ಗೊತ್ತಿತ್ತು.

ಇದನ್ನೆಲ್ಲಾ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. ನಾನು ತಂದ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಾ, “ಮೂವತ್ ವರ್ಷದಿಂದ ರಿಪೋರ್ಟ್ ಕೊಡ್ತಿದೀನಲ್ಲಮ್ಮಾ. ನಾರ್ಮಲ್ ಅಂದ್ರೆ ನಗ್ತಾ ಹೋಗೋರೇ ಜಾಸ್ತಿ. ಕೆಲವ್ರು ಅಳ್ತಾ ಹೋಗ್ತಾರೆ. ಯಾಕ್ ಅಳ್ತಾರೆ ಅಂತ ನೋಡ್ತಾ ನೋಡ್ತಾ ಗೊತ್ತಾಯ್ತು” ಎಂದರು. ಆಮೇಲೆ ತಮ್ಮ ಊಟದ ಹೊತ್ತಿನಲ್ಲಿ ಆ ಮನೋವೈದ್ಯೆಯ ಬಳಿ ಹೋಗಿ ಹೋಗಿ ಕೇಳಿ ತಿಳಿದುಕೊಂಡರಂತೆ. ಮನಸ್ಸು ಕುಗ್ಗಿದಾಗ ಅದು ‘ನಾನು ಕುಗ್ಗಿದ್ದೇನೆ’ ಎಂದು ಹೇಳುವುದು ಕಡಿಮೆ, ಮೈಯ ಮೂಲಕ ಹೇಳುವುದೇ ಹೆಚ್ಚು ಎಂದು ಆಕೆ ವಿವರಿಸಿದ್ದರಂತೆ. ಅಕ್ಕ ಅದನ್ನು ತಮ್ಮದೇ ಮಾತಿಗೆ ಇಳಿಸಿಕೊಂಡಿದ್ದರು: “ಮಕ್ಕಳಿಗೆ ಹೊಟ್ಟೇಲಿ, ದುಡಿಯೋರಿಗೆ ತಲೆ ಬೆನ್ನು ಎದೇಲಿ, ವಯಸ್ಸಾದವ್ರಿಗೆ ಮೈಯೆಲ್ಲಾ.”

ಹೊಟ್ಟೆನೋವಿನ ಹುಡುಗಿಯೊಬ್ಬಳು ಬರುತ್ತಿದ್ದಳು. ಒಂಬತ್ತು ವರ್ಷ. ತಾಯಿ ಗರುಡಾಚಾರ್‌ಪಾಳ್ಯದ ಆಫೀಸಿನಿಂದ ಅರ್ಧ ದಿನ ರಜ ಹಾಕಿ, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸಿಕೊಂಡೇ ಕರೆದುಕೊಂಡು ಬರುವರು. “ಸ್ಕೂಲ್ ತಪ್ಪಿಸ್ಕೊಳ್ಳೋ ನಾಟಕ ಅನ್ಸುತ್ತೆ ಮೇಡಂ, ಆದ್ರೂ ಒಂದ್ಸಲ ನೋಡ್ಬಿಡಿ” ಎಂದರು. ಅಕ್ಕ ಮಗುವಿನ ಮುಂದೆ ಸ್ಟೂಲು ಎಳೆದುಕೊಂಡರು.

“ಕಣ್ಣಾ, ರಜ ಇದ್ದಾಗ್ಲೂ ನೋವ್ ಬರುತ್ತಾ?”

“ಬರುತ್ತೆ.”

“ಆಗ ಆಟ ಆಡಕ್ ಹೋಗ್ತೀಯಾ?”

“ಇಲ್ಲ. ಕಾಲಲ್ಲಿ ಶಕ್ತಿ ಇಲ್ಲ.”

“ಯಾವಾಗಿಂದ?”

ಮಗು ಯೋಚಿಸಿ, “ಅಜ್ಜಿ ರೂಮಲ್ಲಿ ವಾಷಿಂಗ್ ಮಷೀನ್ ಇಟ್ಟಾಗಿಂದ” ಎಂದಿತು. ತಾಯಿಯ ಭುಜದಿಂದ ಬ್ಯಾಗು ಜಾರಿತು. ಅತ್ತೆ ಹೋಗಿ ಎಂಟು ತಿಂಗಳಾಯಿತು, ಇವಳು ಒಂದು ದಿನವೂ ಅತ್ತಿಲ್ಲ, ಚೆನ್ನಾಗಿ ತಡೆದುಕೊಂಡಳು ಎಂದು ನಾವೆಲ್ಲಾ ಮೆಚ್ಚಿಕೊಂಡಿದ್ದೆವು ಎಂದು ಆ ತಾಯಿ ನನ್ನ ಕೌಂಟರಿಗೆ ಒರಗಿ ಅತ್ತರು. ಅಕ್ಕ ಆ ದಿನ ರಕ್ತವನ್ನೇ ತೆಗೆಯಲಿಲ್ಲ, ವಿಳಾಸದ ಚೀಟಿ ಬರೆದುಕೊಟ್ಟು ಕಳಿಸಿದರು.

ಕಮ್ಮನಹಳ್ಳಿಯ ಪೀಜಿಯಲ್ಲಿದ್ದ ಹುಬ್ಬಳ್ಳಿಯ ಹುಡುಗನಂತೂ ತನ್ನ ಹೃದಯ ಕೆಟ್ಟಿದೆ ಎಂದು ನಿರ್ಧರಿಸಿಕೊಂಡೇ ಬಂದಿದ್ದ. ಎದೆ ಡವಗುಟ್ಟುತ್ತದೆ, ಹನ್ನೆರಡು ಗಂಟೆ ಮಲಗಿದರೂ ಸುಸ್ತು. ಇಸಿಜಿ, ಥೈರಾಯ್ಡ್, ವಿಟಮಿನ್ ಎಲ್ಲ ನೆಟ್ಟಗಿತ್ತು. “ಗೂಗಲ್‌ನಾಗ ನೋಡೀನ್ರಿ, ಇದು ಅಪರೂಪದ ಕಾಯಿಲೆ ಇರಬೇಕ್ರಿ” ಎಂದ. ಅಕ್ಕ ಕನ್ನಡಕದ ಮೇಲಿಂದ ನೋಡಿ, “ಗೂಗಲ್ ಇರ್ಲಿ ಮಗಾ, ಹಸಿವಾಗಿ ಊಟ ಮಾಡಿದ್ದು ಯಾವತ್ತು ಹೇಳು” ಎಂದರು. ಅವನು ಬೆರಳೆಣಿಸಿ ನೋಡಿ, “ನೆನಪಿಲ್ರಿ” ಎಂದ. ವಿಳಾಸದ ಚೀಟಿಯನ್ನು ಜೇಬಿಗಿಟ್ಟುಕೊಂಡು ಹೋದ. ಎರಡು ತಿಂಗಳ ನಂತರ ಧಾರವಾಡ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡು, “ಸಕ್ರೆ ಜಾಸ್ತಿ ಆಯ್ತು” ಎಂದು ಅದಕ್ಕೂ ಕೊಂಕು ತೆಗೆದರು.

ಅವರು ಎಂದೂ ತಪ್ಪು ಮಾಡದವರು ಎಂದರೆ ಸುಳ್ಳಾಗುತ್ತದೆ. ಕೆ.ಆರ್.ಪುರದ ಆಟೋ ಚಾಲಕರೊಬ್ಬರ ಬೆನ್ನುನೋವನ್ನು ಮನಸ್ಸಿನದೆಂದು ತೀರ್ಮಾನಿಸಿ ಚೀಟಿ ಕೊಟ್ಟು ಕಳಿಸಿದ್ದರು. ಮನೋವೈದ್ಯೆ ಅನುಮಾನಪಟ್ಟು ಸ್ಕ್ಯಾನ್ ಮಾಡಿಸಿದಾಗ ಅದು ಬೆನ್ನುಮೂಳೆಯ ಕ್ಷಯವಾಗಿತ್ತು. ಅಕ್ಕ ಎರಡು ಎಳನೀರು ಹಿಡಿದು, ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋಗಿ, ಹೆಂಡತಿ ಮಕ್ಕಳ ಎದುರಿಗೇ ಕೈಮುಗಿದು ಕ್ಷಮೆ ಕೇಳಿ ಬಂದರು. “ಮೊದ್ಲು ಪೂರ್ತಿ ಟೆಸ್ಟು, ಆಮೇಲೆ ನನ್ ಬುದ್ಧಿವಂತಿಕೆ” ಎಂದು ಅಂದಿನಿಂದ ಹೇಳತೊಡಗಿದರು. ದೊಡ್ಡವರೆನಿಸಿಕೊಂಡವರು ಹಾಗೆ ಕೈಮುಗಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲಾ ದಿನವೂ ಕಣ್ಣಾರೆ ನೋಡುತ್ತಿದ್ದ ನಾನು ನನ್ನ ಮನೆಯಲ್ಲಿ ಏನು ಮಾಡಿದೆ ಎಂಬುದನ್ನೂ ಹೇಳಬೇಕು.

ನಾವು ಸುರಪುರದ ಕಡೆಯವರು. ಬೈಯಪ್ಪನಹಳ್ಳಿಯಲ್ಲಿ ಮಹಡಿಯ ಮೇಲೆ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೇವೆ. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ನಮ್ಮ ಬಳಿಗೆ ಕರೆದುಕೊಂಡು ಬಂದೆವು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವರು ಅವರು. ಆ ಸದ್ದಿನಲ್ಲಿ ನಲವತ್ತು ವರ್ಷ ಕೂಗಿ ಕೂಗಿ ಮಾತಾಡಿ ಅವರ ದನಿಯೇ ದೊಡ್ಡದಾಗಿತ್ತು. ಅವರು ಫೋನಿನಲ್ಲಿ ಮಾತಾಡಿದರೆ ಕೆಳಗಿನ ಮನೆಯವರು ಯಾರು ಜಗಳವಾಡುತ್ತಿದ್ದಾರೆಂದು ಇಣುಕುತ್ತಿದ್ದರು.

ಆ ದನಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂತು. “ಹೊಟ್ಟ್ಯಾಗ ಉರಿ ಬಿದ್ದಂಗ ಆಗ್ತದ ಯವ್ವಾ, ಊಟ ಸೇರವಲ್ದು” ಎನ್ನತೊಡಗಿದರು. ಒಂದು ದಿನ ಹೊಟ್ಟೆ, ಮರುದಿನ ಕಾಲು, ಅದರ ಮರುದಿನ ಭುಜ. ಅಂಗಿ ಸಡಿಲವಾಯಿತು, ಗಡ್ಡ ಬೆಳೆಯಿತು, ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಒಂದು ಪ್ರಯಾಣವಾಯಿತು. ನಮ್ಮ ಲ್ಯಾಬಿನಲ್ಲೇ ನಾಲ್ಕು ಸಲ ಟೆಸ್ಟ್ ಮಾಡಿಸಿದೆ, ಡಾಕ್ಟರು ಸ್ಕ್ಯಾನೂ ಮಾಡಿಸಿದರು. ಎಲ್ಲ ನಾರ್ಮಲ್. ರಕ್ತವನ್ನು ಅಕ್ಕನ ಕೈಯಲ್ಲಿ ತೆಗೆಸದೆ, ಲ್ಯಾಬಿನ ಇನ್ನೊಬ್ಬ ಟೆಕ್ನಿಷಿಯನ್ ಹುಡುಗಿಯನ್ನು ಮನೆಗೆ ಕರೆದು ತೆಗೆಸಿ ತರುತ್ತಿದ್ದೆ. ಮಾವನ ವಿಚಾರವನ್ನು ಅಕ್ಕನಿಗೆ ಹೇಳಲು ಸಂಕೋಚ. ನಮ್ಮ ಮನೆಯಲ್ಲಿ ಅಂಥದ್ದೇನಿದೆ ಎಂಬ ಬಿಗುಮಾನ ಬೇರೆ. ಕಂಡವರ ಮನೆಯ ಕುಗ್ಗಿದ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಸ್ವಂತ ಮನೆಯದು ಸೋಮಾರಿತನವಾಗಿ ಕಾಣುತ್ತಿತ್ತು.

ನಾಲ್ಕನೆಯ ರಿಪೋರ್ಟ್ ಬಂದ ದಿನ ಮನೆಗೆ ಹೋದವಳೇ ಅದನ್ನು ಅವರ ಹಾಸಿಗೆಯ ಮೇಲೆ ಹಾಕಿ, “ನೋಡ್ರಿ ಮಾವಾರ, ನಿಮಗ ಏನೂ ಇಲ್ಲ. ಏನಂದ್ರ ಏನೂ ಇಲ್ಲ. ಸುಮ್ ಸುಮ್ನ ನಮ್ಮ ಜೀವ ತಿನ್ನಬ್ಯಾಡ್ರಿ” ಎಂದೆ. ಅವರು ಆ ಕಾಗದವನ್ನು ಎತ್ತಿ ಎರಡೂ ಕಡೆ ತಿರುಗಿಸಿ ನೋಡಿ, ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಮರುದಿನದಿಂದ ನೋವಿನ ಮಾತೇ ನಿಂತಿತು.

ಎರಡು ವಾರ ಕಳೆಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಅದೂ ಗೆದ್ದವಳ ಹಾಗೆ. “ಒಂದ್ಸಲ ಗದರಿಸಿದ್ದೇ ಸರಿಹೋದ್ರು ಅಕ್ಕ. ಈಗ ನೋವು ಅಂತ ಹೇಳೋದೇ ಬಿಟ್ಟಿದಾರೆ.”

ಅಕ್ಕ ರೊಟ್ಟಿಯನ್ನು ಡಬ್ಬಿಗೆ ವಾಪಸ್ಸಿಟ್ಟರು. “ಹೇಳೋದ್ ಬಿಟ್ಟಿದಾರಾ? ಊಟ ಮಾಡ್ತಿದಾರಾ?”

“ಊಟ ಇನ್ನೂ ಅಷ್ಟಕ್ಕಷ್ಟೇ.”

“ನಿದ್ದೆ?”

“ಮೂರಕ್ಕೇ ಎದ್ದು ಕೂತಿರ್ತಾರೆ.”

“ಏಳು” ಎಂದರು. ಎಲ್ಲಿಗೆ ಎಂದೆ. “ನಿಮ್ಮನೆಗೆ. ಕೈ ತೊಳ್ಕೊ, ಹೊರಡು” ಎಂದರು. ಮಾಲೀಕರಿಗೆ ಫೋನು ಮಾಡಿ, “ನಾನ್ ಹೋಗ್ತಿದೀನಿ, ಮಧ್ಯಾಹ್ನದ ಸ್ಯಾಂಪಲ್ ಹುಡುಗಿ ತಗೋತಾಳೆ” ಎಂದು, ಅವರು ಏನಾದರೂ ಹೇಳುವ ಮುಂಚೆ ಇಟ್ಟುಬಿಟ್ಟರು. ಹಲಸೂರು ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆವು. ಸೀಟು ಖಾಲಿಯಿದ್ದರೂ ಅವರು ಕೂರಲಿಲ್ಲ. ದಾರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು: “ಈಗ ಅವರ್ ಜೊತೆ ಮನೇಲ್ ಯಾರಿದಾರೆ?” ಯಾರೂ ಇಲ್ಲ ಎಂದೆ.

ಮಾವನವರು ಮಂಚದ ತುದಿಯಲ್ಲಿ ಕೂತಿದ್ದರು. ತಿಂಗಳುಗಟ್ಟಲೆ ಬೆಳೆದಿದ್ದ ಗಡ್ಡವನ್ನು ಬೋಳಿಸಿಕೊಂಡು, ಸ್ನಾನ ಮಾಡಿ, ಒಗೆದ ಬಿಳಿ ಧೋತರ ಉಟ್ಟಿದ್ದರು. ನನಗೆ ಹೋದ ಜೀವ ಬಂದಂತಾಯಿತು. “ನೋಡಿ ಅಕ್ಕ, ನೀವು ಸುಮ್ನೆ ಗಾಬರಿಯಾದ್ರಿ, ಎಷ್ಟು ಲಕ್ಷಣವಾಗಿದಾರೆ” ಎಂದೆ. ಅಕ್ಕ ನೇರ ಮಾವನವರ ಬಳಿಗೆ ಹೋದರು. ಅವರೆದುರು ನೆಲದ ಮೇಲೆ ಕೂತರು.

“ಅಣ್ಣಾ, ನಾನು ನಿಮ್ ಸೊಸೆ ಜೊತೆ ಕೆಲ್ಸ ಮಾಡೋಳು. ಎಲ್ಲಿ ನೋಯುತ್ತೆ ನಿಮ್ಗೆ?”

“ಏನೂ ಇಲ್ರೀ ಅಕ್ಕಾರ. ಆರಾಮ ಅದೀನಿ. ನಮ್ ಸೊಸಿನ ಹೇಳ್ಯಾಳ, ಏನೂ ಇಲ್ಲಂತ” ಎಂದು ದಿಂಬಿನ ಕೆಳಗಿನ ಕಾಗದವನ್ನು ತೆಗೆದು ತೋರಿಸಿದರು.

“ಆ ಟೆಸ್ಟ್ ಮಾಡಿದ್ ಮಷೀನಿಗೆ ದಿನಾ ನಾನೇ ನೀರ್ ಹಾಕೋದಣ್ಣಾ. ಅದಕ್ ಗೊತ್ತಾಗದೇ ಇರೋದು ಬೇಕಾದಷ್ಟಿದೆ. ನಿಮ್ಗೆ ನೋವಿದೆ. ನಾನ್ ನಂಬ್ತೀನಿ. ತೋರ್ಸಿ.”

ಅವರು ಕಾಗದವನ್ನು ಪಕ್ಕಕ್ಕಿಟ್ಟರು. ಆಮೇಲೆ ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು, ಅಲ್ಲಿಂದ ಎದೆಗೆ, ಭುಜಕ್ಕೆ, ಮಂಡಿಗೆ. ಅಕ್ಕ ನರ ಹುಡುಕುವಾಗಿನಂತೆಯೇ ಬೆರಳಿನಿಂದ ಒತ್ತುತ್ತಾ “ಇಲ್ಲೇನಾ? ಇಲ್ಲೇನಾ?” ಎಂದು ಕೇಳುತ್ತಾ ಹೋದರು. ಉರಿ ಬೆಳಿಗ್ಗೆ ಹೆಚ್ಚೋ ಸಂಜೆಯೋ? “ಮುಂಜಾನಿ ಭಾಳರೀ.” ಬಾಯಿಗೆ ರುಚಿ? “ಹಿಟ್ಟ ಮುಕ್ಕಿದಂಗ ಆಗ್ತದರೀ.” ಹೀಗೆ ಹೇಳುತ್ತಾ ಹೇಳುತ್ತಾ ಆ ಮುದುಕರು ಅಳಲು ಶುರುಮಾಡಿದರು. ಎಷ್ಟೋ ತಿಂಗಳ ನಂತರ ಅವರ ಗಿರಣಿಯ ದನಿ ಹೊರಗೆ ಬಂತು. ಕೆಳಗಿನ ಮನೆಯವರು ಮತ್ತೆ ಇಣುಕಿದರು.

ಅಕ್ಕ ನನಗೆ ಚಹಾ ಮಾಡಲು ಹೇಳಿ ಅಡುಗೆಮನೆಗೆ ಕಳಿಸಿದರು. ನಾನು ಚಹಾ ತಂದಾಗ ಮಾವನ ಕೈ ಅಕ್ಕನ ಕೈಯಲ್ಲಿತ್ತು. ಅಂದೇ ಸಂಜೆ ಐದಕ್ಕೆ ಆಟೋದಲ್ಲಿ ಮನೋವೈದ್ಯೆಯ ಬಳಿ ಕರೆದುಕೊಂಡು ಹೋದೆವು. ಅಕ್ಕ ಮೊದಲು ತಾವೊಬ್ಬರೇ ಒಳಗೆ ಹೋಗಿ ಆಕೆಯೊಡನೆ ಮಾತಾಡಿ ಬಂದರು. ವಾಪಸ್ ಬಂದ ಮೇಲೂ ಮನೆಗೆ ಹೋಗದೆ, ನನ್ನ ಗಂಡ ಪಾಳಿ ಮುಗಿಸಿ ಬರುವವರೆಗೂ ಕಾದು, ಮೆಟ್ಟಿಲ ಬಳಿ ಅವನೊಡನೆ ಏನೋ ಮಾತಾಡಿ ಹೊರಟರು. ನನಗೆ ಹದಿನೈದು ದಿನ ರಜ ಕೊಡಿಸಿದ್ದೂ ಅವರೇ. ಮಾತ್ರೆಯ ಡಬ್ಬಿ ನಿನ್ನ ಹತ್ತಿರವೇ ಇರಲಿ, ಅವರೊಬ್ಬರನ್ನೇ ಬಿಡಬೇಡ ಎಂದರು. ಮುದುಕರು ಮಾತ್ರೆ ಮರೆಯುತ್ತಾರೆಂದು ಹೀಗೆ ಹೇಳಿದರು ಎಂದುಕೊಂಡೆ.

ಗುಣವಾಗಲು ಸಮಯ ಹಿಡಿಯಿತು. ಒಂದು ತಿಂಗಳು ಏನೂ ಕಾಣಲಿಲ್ಲ. ಆಮೇಲೊಂದು ದಿನ ಚಟ್ನಿಗೆ ಉಪ್ಪು ಕಮ್ಮಿಯಾಗಿದೆ ಎಂದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಈಗ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಹೋಗಿ, ಊರಿನ ಕಡೆಯ ರೈಲು ತಡವಾಗಿದ್ದರೆ ಅಲ್ಲಿದ್ದವರಿಗೆಲ್ಲ ಕೇಳುವಂತೆ ಬೈದು ಬರುತ್ತಾರೆ.

ಅಕ್ಕನಿಂದ ನನಗೆ ಬರಬೇಕಾದ ಬೈಗುಳಕ್ಕಾಗಿ ನಾನು ಕಾಯುತ್ತಲೇ ಇದ್ದೆ. ರಜ ಮುಗಿಸಿ ಹೋದ ದಿನ ಹೆದರುತ್ತಲೇ ಬಾಗಿಲು ತಳ್ಳಿದೆ. ಅವರು ನನ್ನನ್ನು ನೋಡಿ, “ರೊಟ್ಟಿ ತಂದ್ಯಾ?” ಎಂದರು, ಅಷ್ಟೇ. ನಾನೇ ಒಮ್ಮೆ “ನನ್ನಿಂದ ತಪ್ಪಾಯ್ತಕ್ಕ” ಎಂದು ಶುರುಮಾಡಿದೆ. “ಫೋನ್ ಹೊಡ್ಕೊಳ್ತಿದೆ, ತೆಗಿ” ಎಂದು ಮಾತು ಮುರಿದರು. ಸಣ್ಣ ವಿಷಯ, ಅವರೂ ಮರೆತಿರಬೇಕು ಎಂದುಕೊಂಡು ಹಗುರಾದೆ.

ಕಳೆದ ತಿಂಗಳು ಅಕ್ಕನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟು, ಮನೆಗೆ ಬಂದು ಸ್ನಾನ ಮಾಡಿ, ಮಾವನವರಿಗೆ ಸುದ್ದಿ ಹೇಳಿದೆ. ಅವರು ಎದ್ದು ಕಿಟಕಿಯ ಬಳಿ ನಿಂತರು. ನಾನು ಊಟಕ್ಕೆ ಬಡಿಸುತ್ತಿದ್ದೆ.

“ಅವತ್ತ ಅಕ್ಕಾರು ಬರದಿದ್ರ, ನೀ ಕೆಲಸದಿಂದ ಬರೂದ್ರಾಗ ನಾ ಇರತಿರಲಿಲ್ಲ ಯವ್ವಾ” ಎಂದರು. “ಹೋಗಬೇಕಂತ ಗಟ್ಟಿ ಮಾಡಿದ್ದೆ. ನೀ ಚಹಾಕ್ಕ ಒಳಗ ಹೋದಾಗ ಅಕ್ಕಾರು ನೇರಾನೇರ ಕೇಳಿದ್ರು, ಜೀವಾ ಬ್ಯಾಡ ಅನಿಸ್ಯಾದೇನು ಅಂತ. ಹೂಂ ಅಂದೆ.”

ನಾನು ಸೌಟನ್ನು ಕೆಳಗಿಟ್ಟೆ. ಇದು ಯಾರಿಗೆಲ್ಲಾ ಗೊತ್ತು ಎಂದು ಕೇಳಿದೆ.

“ಡಾಕ್ಟರಿಗೆ ಗೊತ್ತು. ನಿನ್ನ ಗಂಡಗ ಗೊತ್ತು. ಇವರಿಬ್ಬರಿಗೂ ಹೇಳಾಕಬೇಕು ಅಂತ ಅಕ್ಕಾರು ಹಟ ಹಿಡದ್ರು. ನಿನಗೊಬ್ಬಾಕಿಗೆ ಹೇಳೂದು ಬ್ಯಾಡ ಅಂದೆ. ಅದಕ್ಕ ಅವರು ಏನಂದ್ರು ಗೊತ್ತೇನು? ‘ಬೇಡ ಅಣ್ಣಾ. ಅವಳು ಕೆಟ್ಟವಳಲ್ಲ. ಗೊತ್ತಾದ್ರೆ ಆ ಒಂದ್ ಮಾತನ್ನ ಜೀವನಪೂರ್ತಿ ಹೊತ್ಕೊಂಡ್ ತಿರುಗ್ತಾಳೆ’ ಅಂದ್ರು.”

ಟ್ಯೂಬಿನ ಚೀಟಿ ವಕ್ರವಾದರೆ ಬೀದಿಗೆ ಕೇಳುವಂತೆ ಬೈಯುತ್ತಿದ್ದ ಹೆಂಗಸು, ಪ್ರತಿ ಮಧ್ಯಾಹ್ನ ನನ್ನೆದುರು ಕೂತು ನನ್ನ ರೊಟ್ಟಿ ತಿನ್ನುತ್ತಾ, ಮೂರು ವರ್ಷ ಅದನ್ನು ತಮ್ಮಲ್ಲೇ ಇಟ್ಟುಕೊಂಡು ಹೋಗಿಬಿಟ್ಟರು. ನಾನು ಅವರಿಗೆ ಒಂದು ಸಲವೂ ಕೈಮುಗಿಯಲಿಲ್ಲ.